ತೀವ್ರ ಗಾಯಗೊಂಡ ಕಾಲಿನ ಪುನಾರಚನೆ: ಶಸ್ತ್ರವೈದ್ಯರ ಸಹಕಾರದ ಇತಿಹಾಸ

ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಜೋಡಿಸಿದರೆಂಬ ಉಲ್ಲೇಖ ಋಗ್ವೇದದ ಮೊದಲ ಮಂಡಲದಲ್ಲಿ ಬರುತ್ತದೆ. ಕೃತಕಾಂಗದ ಅತಿ ಪ್ರಾಚೀನ ಉಲ್ಲೇಖಗಳಲ್ಲಿ ಇದೂ ಒಂದೆಂದು ವೈದ್ಯಕೀಯ ಇತಿಹಾಸಕಾರರು ಎತ್ತಿ ತೋರಿಸುವುದುಂಟು. ಆ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ: ಅಲ್ಲಿ ವೈದ್ಯರು ಇಬ್ಬರು. ಮಂತ್ರದ ಅವಳಿ ದೇವತೆಗಳಿಂದ ಚರಿತ್ರೆಯ ಸಂಗತಿಯನ್ನು ಹೊರತೆಗೆಯಲು ಹೋಗುವುದು ಉಚಿತವಲ್ಲ. ಆದರೂ ಜಜ್ಜಿಹೋದ ಕಾಲನ್ನು ಉಳಿಸಿಕೊಳ್ಳಲು ಮನುಷ್ಯ ನಡೆಸಿದ ಪ್ರಯತ್ನಗಳ ಕಥೆಯನ್ನು ಇತ್ತೀಚಿನ ದಶಕಗಳವರೆಗೆ ಅನುಸರಿಸಿದರೆ, ಒಬ್ಬನೇ ವೈದ್ಯ ಸೋತ ಕಡೆ ಇಬ್ಬರು ಕೂಡಿ ನೋಡಿದಾಗ ಕಾಲು ಉಳಿದ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಉಪಕರಣಗಳ, ಔಷಧಗಳ ಇತಿಹಾಸವನ್ನು ಬರೆದವರು ಅನೇಕರಿದ್ದಾರೆ. ಯಾರು, ಯಾವ ಹೊತ್ತಿನಲ್ಲಿ, ಯಾರ ಜೊತೆಗೂಡಿ ಗಾಯವನ್ನು ನೋಡಿದರು ಎಂಬ ದೃಷ್ಟಿಯಿಂದ ಈ ಇತಿಹಾಸವನ್ನು ಪರಿಶೀಲಿಸಿದ್ದು ಕಡಿಮೆ.

ಮಂಡಿಯಿಂದ ಪಾದದ ಕೀಲಿನವರೆಗಿನ ಕಾಲಿನ ರಚನೆಯಲ್ಲಿಯೇ ಸಮಸ್ಯೆಯ ಮೂಲವಿದೆ. ಅಲ್ಲಿ ದೇಹದ ಭಾರವನ್ನು ಹೊರುವ ಟಿಬಿಯ ಎಂಬ ದಪ್ಪ ಮೂಳೆಯ ಒಳಮುಖ ಉದ್ದಕ್ಕೂ ಚರ್ಮದ ಅಡಿಯಲ್ಲಿಯೇ ಇದೆ. ಕತ್ತಲಲ್ಲಿ ಮಂಚದ ಅಂಚಿಗೆ ಕಾಲು ತಗುಲಿಸಿಕೊಂಡ ಯಾರಿಗಾದರೂ ಇದು ಗೊತ್ತು. ತೊಡೆಯ ಮೂಳೆಗೆ ಸುತ್ತಲೂ ಮಾಂಸದ ಹೊದಿಕೆಯುಂಟು. ಟಿಬಿಯಕ್ಕೆ ಅದು ಹಿಂಬದಿಗೆ ಮತ್ತು ಹೊರಬದಿಗೆ ಮಾತ್ರ. ಆದುದರಿಂದ ಈ ಮೂಳೆ ಬಲವಾದ ಪೆಟ್ಟಿಗೆ ಮುರಿದಾಗ ಅದರ ಚೂಪಾದ ತುದಿ ಚರ್ಮವನ್ನು ಹರಿದು ಸುಲಭವಾಗಿ ಹೊರಬರುತ್ತದೆ. ಇದನ್ನೇ ತೆರೆದ ಮುರಿತ ಎನ್ನುವುದು. ಹೊರಬಿದ್ದ ಮೂಳೆ ಒಣಗುತ್ತದೆ, ರಸ್ತೆಯ ಅಥವಾ ಹೊಲದ ಮಣ್ಣು ಅದಕ್ಕೆ ಮೆತ್ತಿಕೊಳ್ಳುತ್ತದೆ, ಸೋಂಕು ತಗಲುತ್ತದೆ. ಮೂಳೆಗೆ ದೊರೆಯುವ ರಕ್ತದ ಒಂದು ಪಾಲು ಸುತ್ತಲಿನ ಪೊರೆ ಮತ್ತು ಸ್ನಾಯುಗಳಿಂದ ಬರುವುದರಿಂದ, ಅವು ಕಿತ್ತುಹೋದರೆ ಮೂಳೆ ಕೂಡಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಂದರೆ ಮೂಳೆಯ ಗಾಯ ಮತ್ತು ಚರ್ಮದ ಗಾಯ ಎಂಬ ಭೇದ ವೈದ್ಯರ ವಿಭಾಗಗಳಲ್ಲಿ ಇರಬಹುದು, ಗಾಯದಲ್ಲಿ ಇಲ್ಲ.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿತಗಳಿಗೆಂದೇ ಒಂದು ಅಧ್ಯಾಯವಿದೆ. ಮರದ ತೊಗಟೆ ಮತ್ತು ಬಿದಿರಿನ ಪಟ್ಟಿಗಳಿಂದ ಮುರಿದ ಭಾಗವನ್ನು ಕಟ್ಟುವ ಕ್ರಮ ಅಲ್ಲಿ ವಿವರವಾಗಿದೆ. ಗಾಯಸಹಿತವಾದ ಮುರಿತವನ್ನು ಬೇರೆಯಾಗಿಯೇ ಪರಿಗಣಿಸಲಾಗಿದೆ. ತೊಡೆ ಅಥವಾ ಕಣಕಾಲು ಮುರಿದವನಿಗೆ 'ಕಪಾಟಶಯನ' ಹಿತವೆಂದು ಸಂಹಿತೆ ಹೇಳುತ್ತದೆ. ಬಾಗಿಲಿನಂತಹ ಹಲಗೆಯ ಮೇಲೆ ಮಲಗಿಸಿ, ಐದು ಗೂಟಗಳನ್ನು ಬಡಿದು, ಕಾಲು ಅಲುಗಾಡದಂತೆ ಬಿಗಿಯುವ ವ್ಯವಸ್ಥೆ ಅದು.

ಈ ಕಪಾಟವನ್ನು ಓದಿದವರಿಗೆ ಲಂಡನ್ನಿನ ಮತ್ತೊಂದು ಬಾಗಿಲು ನೆನಪಾಗದಿರದು. 1756ರಲ್ಲಿ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಓಲ್ಡ್ ಕೆಂಟ್ ರಸ್ತೆಯಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡನು. ಮೂಳೆ ಚರ್ಮವನ್ನು ಹರಿದು ಹೊರಬಂದಿತ್ತು. ನೆರೆದವರು ತನ್ನನ್ನು ಎತ್ತದಂತೆ ಅವನು ತಡೆದನು. ಚಳಿಯ ನೆಲದ ಮೇಲೆ ಹಾಗೆಯೇ ಮಲಗಿ, ಪಲ್ಲಕ್ಕಿ ಹೊರುವ ಇಬ್ಬರನ್ನು ಅವರ ದಂಡಿಗೆಗಳೊಂದಿಗೆ ಕರೆಸಿಕೊಂಡನು. ಅವರು ಬರುವವರೆಗೆ ಅಲ್ಲಿಯೇ ಒಂದು ಬಾಗಿಲನ್ನು ಕೊಂಡು, ಅದಕ್ಕೆ ದಂಡಿಗೆಗಳನ್ನು ಬಡಿಸಿ, ಅದರ ಮೇಲೆ ತನ್ನನ್ನು ಮನೆಗೆ ಹೊರಿಸಿಕೊಂಡು ಹೋದನು. ಮನೆಯಲ್ಲಿ ಸೇರಿದ ವೈದ್ಯರು ಕಾಲನ್ನು ತೆಗೆಯುವುದೆಂದು ನಿರ್ಧರಿಸಿದರು, ಪಾಟ್ ಒಪ್ಪಿದನು, ಉಪಕರಣಗಳು ಸಿದ್ಧವಾದವು. ಅಷ್ಟರಲ್ಲಿ ಅವನ ಗುರು ಎಡ್ವರ್ಡ್ ನೋರ್ಸ್ ಬಂದು ಗಾಯವನ್ನು ಮತ್ತೊಮ್ಮೆ ಪರೀಕ್ಷಿಸಿ, ಕಾಲನ್ನು ಉಳಿಸಲು ಪ್ರಯತ್ನಿಸಬಹುದೆಂದನು. ಕಾಲು ಉಳಿಯಿತು. ಸಾಮಾನ್ಯವಾಗಿ ಈ ಪ್ರಸಂಗವನ್ನು ಪಾಟನ ಸಮಯಸ್ಫೂರ್ತಿಗೆ ನಿದರ್ಶನವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಬಾಗಿಲಿನಷ್ಟೇ ಮುಖ್ಯವಾದದ್ದು ತಡವಾಗಿ ಬಂದ ಆ ಎರಡನೆಯ ಅಭಿಪ್ರಾಯ. ಪ್ರಸಿದ್ಧ ಶಸ್ತ್ರವೈದ್ಯನಾಗಿದ್ದ ಪಾಟನಿಗೆ ಅದು ಮನೆಬಾಗಿಲಿಗೆ ಬಂದಿತು; ಗಾಡಿಯ ಚಕ್ರಕ್ಕೆ ಸಿಲುಕಿದ ಕೂಲಿಯವನಿಗೆ ಹಾಗೆ ಬರುವ ಸಂಭವವಿರಲಿಲ್ಲ.

ಆ ಕಾಲದ ವೈದ್ಯರು ಅಂಗಚ್ಛೇದನಕ್ಕೆ ಕೈಹಾಕುತ್ತಿದ್ದುದನ್ನು ಕ್ರೌರ್ಯವೆಂದು ಭಾವಿಸಬೇಕಾಗಿಲ್ಲ. ತೆರೆದ ಮುರಿತದಲ್ಲಿ ಕೊಳೆತ ಕಾಲು ರೋಗಿಯ ಪ್ರಾಣವನ್ನೇ ತೆಗೆಯುತ್ತಿತ್ತು. ನೆಪೋಲಿಯನ್ನನ ಸೇನಾವೈದ್ಯ ಲಾರೇ 1812ರ ಬೊರೊಡಿನೊ ಕದನದಲ್ಲಿ 24 ಗಂಟೆಗಳಲ್ಲಿ ಸುಮಾರು 200 ಅಂಗಚ್ಛೇದನಗಳನ್ನು ಮಾಡಿದುದಾಗಿ ಬರೆದಿದ್ದಾನೆ. ಬೇಗ ಕತ್ತರಿಸಿದಷ್ಟೂ ಹೆಚ್ಚು ಜನ ಬದುಕುತ್ತಾರೆಂಬುದು ಅವನ ಅನುಭವವಾಗಿತ್ತು. ಈ ಲೆಕ್ಕಾಚಾರವನ್ನು ಬದಲಿಸಿದವನು ಜೋಸೆಫ್ ಲಿಸ್ಟರ್. 1865ರ ಆಗಸ್ಟ್ 12ರಂದು ಗ್ಲಾಸ್ಗೋ ಆಸ್ಪತ್ರೆಗೆ ಬಂದ, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಬಾಲಕನ ಗಾಯಕ್ಕೆ ಅವನು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಹಾಕಿದನು. ಗಾಯ ಕೀವಾಗದೆ ಮಾಯಿತು. ಕ್ರಿಮಿನಾಶಕ ಶಸ್ತ್ರಚಿಕಿತ್ಸೆಯ ಯುಗ ಒಂದು ಮುರಿದ ಟಿಬಿಯದಿಂದ ಆರಂಭವಾಯಿತೆಂಬುದು ಆಕಸ್ಮಿಕವಲ್ಲ. ಅಂದಿನ ಶಸ್ತ್ರವೈದ್ಯಕ್ಕೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಇರಲಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಮೂಡಿದುದು ಸ್ಪೇನಿನ ಅಂತರ್ಯುದ್ಧದಲ್ಲಿ. ಬಾರ್ಸಿಲೋನದ ಮೇಲೆ ವಿಮಾನಗಳು ಬಾಂಬು ಸುರಿಯುತ್ತಿದ್ದ ದಿನಗಳಲ್ಲಿ ಅಲ್ಲಿನ ಶಸ್ತ್ರವೈದ್ಯ ಜೋಸೆಪ್ ತ್ರುಏಟಾ ಒಂದು ಕ್ರಮವನ್ನು ರೂಢಿಗೆ ತಂದನು: ತಡಮಾಡದೆ ಗಾಯವನ್ನು ತೊಳೆಯುವುದು, ಸತ್ತ ಮಾಂಸವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ತೆಗೆಯುವುದು, ಕೀವು ಹರಿದುಹೋಗಲು ದಾರಿ ಬಿಡುವುದು, ಗಾಯವನ್ನು ಹೊಲಿಯದೆ ತೆರೆದಿಟ್ಟು ಇಡೀ ಕಾಲಿಗೆ ಪ್ಲಾಸ್ಟರ್ ಹಾಕುವುದು. ಗಾಯವನ್ನು ಪ್ಲಾಸ್ಟರಿನೊಳಗೆ ಮುಚ್ಚಿಡುವ ಪದ್ಧತಿಯನ್ನು ಅಮೆರಿಕದ ವಿನೆಟ್ ಆರ್ ಮೊದಲೇ ಬಳಸಿದ್ದನು. ಆದರೆ ಫಲಿತಾಂಶ ಪ್ಲಾಸ್ಟರಿನದಲ್ಲ, ಅದಕ್ಕೆ ಮುಂಚಿನ ಗಾಯಶುದ್ಧಿಯದೆಂಬುದನ್ನು ಒತ್ತಿ ಹೇಳಿದವನು ತ್ರುಏಟಾ. ವಾರಗಳ ಕಾಲ ಬಿಚ್ಚದ ಆ ಪ್ಲಾಸ್ಟರಿನ ದುರ್ವಾಸನೆ ಸಹಿಸಲಸಾಧ್ಯವಾಗಿತ್ತೆಂಬುದು ಸುಳ್ಳಲ್ಲ. ಅವನು ವರದಿ ಮಾಡಿದ 1,073 ತೆರೆದ ಮುರಿತಗಳಲ್ಲಿ ಸತ್ತವರು 6 ಮಂದಿ ಮಾತ್ರ. ಪೆನಿಸಿಲಿನ್ ಬಳಕೆಗೆ ಬರುವುದಕ್ಕೆ ಮೊದಲಿನ ಈ ಸಂಖ್ಯೆಗಳನ್ನು ನಂಬುವುದು ಆಗ ಅನೇಕರಿಗೆ ಕಷ್ಟವಾಯಿತು. 1939ರಲ್ಲಿ ಸ್ವದೇಶವನ್ನು ತೊರೆದು ಇಂಗ್ಲೆಂಡಿಗೆ ಬಂದ ತ್ರುಏಟಾ ಅಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದನು. ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡಿನಲ್ಲಿ ಮೂಳೆ ಶಸ್ತ್ರವೈದ್ಯದ ಪ್ರಾಧ್ಯಾಪಕನಾದನು.

ತ್ರುಏಟಾನ ಕ್ರಮ ಪ್ರಾಣವನ್ನೂ ಅನೇಕ ಕಾಲುಗಳನ್ನೂ ಉಳಿಸಿತು. ಆದರೆ ಮೂಳೆಯ ಮೇಲಿನ ಹೊದಿಕೆಯೇ ಕಿತ್ತುಹೋದ ಕಾಲಿಗೆ ಅದರಲ್ಲಿ ಪೂರ್ಣ ಉತ್ತರವಿರಲಿಲ್ಲ. ತೆಳುವಾಗಿ ಹೆರೆದು ತೆಗೆದ ಚರ್ಮವನ್ನು ಕಸಿ ಮಾಡಬೇಕಾದರೆ ಅದರ ಅಡಿಯಲ್ಲಿ ರಕ್ತ ಒಸರುವ ನೆಲ ಬೇಕು. ಪೊರೆ ಕಳೆದುಕೊಂಡ ಬೋಳುಮೂಳೆಯ ಮೇಲೆ ಕಸಿ ಹಿಡಿಯುವುದಿಲ್ಲ. ಅಲ್ಲಿಗೆ ತನ್ನ ರಕ್ತನಾಳಗಳನ್ನು ತನ್ನೊಂದಿಗೇ ತರುವ ಚರ್ಮ ಮಾಂಸಗಳ ತುಂಡು, ಅಂದರೆ ಫ್ಲ್ಯಾಪ್ ಬೇಕು. ಈ ತತ್ತ್ವ ಭಾರತಕ್ಕೆ ಹೊಸದಲ್ಲ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನು ಕಳೆದುಕೊಂಡಿದ್ದ, ಇಂಗ್ಲಿಷರ ಸೇನೆಯ ಗಾಡಿ ಹೊಡೆಯುವವನಾದ ಕೋವಾಸ್ಜಿಗೆ ಪುಣೆಯ ಬಳಿ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗನ್ನು ರಚಿಸಿದ ವೃತ್ತಾಂತ 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿ ಅಚ್ಚಾಯಿತು. ಯೂರೋಪಿನ ಪ್ಲಾಸ್ಟಿಕ್ ಶಸ್ತ್ರವೈದ್ಯಕ್ಕೆ ಹೊಸ ಜೀವ ತುಂಬಿದ್ದು ಈ ವರದಿ. ಆದರೆ ಮೂಗಿಗೆ ಹಣೆ ಹತ್ತಿರದಲ್ಲಿದೆ. ಕಾಲಿಗೆ ಹತ್ತಿರದಲ್ಲಿ ಇರುವುದು ಇನ್ನೊಂದು ಕಾಲು. 1854ರಲ್ಲಿ ಅಮೆರಿಕದ ಫ್ರಾಂಕ್ ಹ್ಯಾಮಿಲ್ಟನ್ ಒಂದು ಕಾಲಿನ ಹುಣ್ಣನ್ನು ಮತ್ತೊಂದು ಕಾಲಿನ ಚರ್ಮದಿಂದ ಮುಚ್ಚುವ ವಿಧಾನವನ್ನು ಬಳಸಿದನು. ಎರಡೂ ಕಾಲುಗಳನ್ನು ಅಡ್ಡಲಾಗಿ ಒಂದಕ್ಕೊಂದು ಬಿಗಿದು, ಸುಮಾರು ಮೂರು ವಾರ ರೋಗಿಯನ್ನು ಹಾಗೆಯೇ ಮಲಗಿಸಿ, ಹೊಸ ಜಾಗದಿಂದ ರಕ್ತಸಂಚಾರ ಕುದುರಿದ ನಂತರ ಬೇರ್ಪಡಿಸಬೇಕು. ರೋಗಿಗೆ ಇದು ಕಠಿಣ ವ್ರತವೇ ಸರಿ. ಆದರೂ ಬೇರೆ ದಾರಿಯಿಲ್ಲದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಕಾಲುಗಳನ್ನು ಉಳಿಸಿದ್ದು ಇದೇ ವಿಧಾನ.

ಎರಡು ಮಹಾಯುದ್ಧಗಳ ಅವಧಿಯಲ್ಲಿ ಮೂಳೆ ಶಸ್ತ್ರವೈದ್ಯ ಮತ್ತು ಪ್ಲಾಸ್ಟಿಕ್ ಶಸ್ತ್ರವೈದ್ಯಗಳೆರಡೂ ಸ್ವತಂತ್ರ ಶಾಖೆಗಳಾಗಿ ಬೆಳೆದವು. ಈ ಬೆಳವಣಿಗೆಗೆ ತೆತ್ತ ಬೆಲೆಯೊಂದಿದೆ. ಅದನ್ನು ಇತಿಹಾಸಗ್ರಂಥಗಳು ಅಷ್ಟಾಗಿ ಹೇಳುವುದಿಲ್ಲ. ಮುರಿದ ಕಾಲು ಮೊದಲು ಮೂಳೆಯ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿ ಅದನ್ನು ಜೋಡಿಸಿ, ವಾರಗಟ್ಟಲೆ ಪಟ್ಟಿ ಬದಲಿಸಿ, ಮೂಳೆ ಕಪ್ಪಾಗಿ ಕೀವು ಸುರಿಯತೊಡಗಿದ ಮೇಲೆ 'ಚರ್ಮ ಹಾಕಿಕೊಡಿ' ಎಂಬ ಚೀಟಿಯೊಂದಿಗೆ ಪ್ಲಾಸ್ಟಿಕ್ ವಿಭಾಗಕ್ಕೆ ಕಳುಹಿಸುವ ಪದ್ಧತಿ ಅನೇಕ ದೇಶಗಳಲ್ಲಿ ಬೇರೂರಿತು. ಅಲ್ಲಿಯವರು ಸೋಂಕು ಇಳಿಯಲೆಂದು ಇನ್ನಷ್ಟು ಕಾಯುವರು. ಎರಡು ವಿಭಾಗಗಳ ನಡುವಿನ ಮೊಗಸಾಲೆಯಲ್ಲಿ ಕಳೆದುಹೋದ ಕಾಲುಗಳೆಷ್ಟೋ. ತಪ್ಪು ಯಾರೊಬ್ಬರದೂ ಆಗಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಶಾಸ್ತ್ರದ ಪ್ರಕಾರ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದರು.

ಇದೇ ಕಾಲದಲ್ಲಿ ರಕ್ತನಾಳಗಳ ವಿಚಾರದಲ್ಲಿ ಪ್ರಗತಿಯಾಗುತ್ತಿತ್ತು. ಲಿಯಾನಿನ ಅಲೆಕ್ಸಿಸ್ ಕ್ಯಾರೆಲ್ ಕಸೂತಿ ಕೆಲಸದ ನಯವಾದ ಸೂಜಿದಾರಗಳನ್ನು ಬಳಸಿ ರಕ್ತನಾಳಗಳ ತುದಿಗಳನ್ನು ಹೊಲಿಯುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದನು. 1912ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ರಣರಂಗಕ್ಕೆ ಈ ಹೊಲಿಗೆ ತಲುಪಲು ಅರ್ಧ ಶತಮಾನ ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ಅಪಧಮನಿ ಹರಿದ 2,471 ಅಮೆರಿಕನ್ ಗಾಯಾಳುಗಳ ವಿವರಗಳನ್ನು ಡಿಬೇಕಿ ಮತ್ತು ಸಿಮಿಯೋನ್ 1946ರಲ್ಲಿ ಪರಿಶೀಲಿಸಿದರು. ಮಂಡಿಯ ಹಿಂದಿನ ಅಪಧಮನಿಗೆ ಗಾಯವಾದವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಕಾಲನ್ನು ಕಳೆದುಕೊಂಡಿದ್ದರು. ಕೊರಿಯಾ ಯುದ್ಧದಲ್ಲಿ ನಾಳವನ್ನು ಕಟ್ಟಿಬಿಡುವ ಬದಲು ಹೊಲಿಯಲಾರಂಭಿಸಿದ ಮೇಲೆ, ಅಪಧಮನಿಯ ಗಾಯಗಳಲ್ಲಿ ಒಟ್ಟಾರೆ ಅಂಗಚ್ಛೇದನದ ಪ್ರಮಾಣ ನೂರಕ್ಕೆ ಸುಮಾರು 13ಕ್ಕೆ ಇಳಿಯಿತು.

ನಾಳವನ್ನು ಹೊಲಿಯುವ ವೈದ್ಯ ಬಂದೊಡನೆ ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಹೊಸ ವಿವಾದ ಹುಟ್ಟಿತು: ಮೊದಲು ಮೂಳೆಯೋ ರಕ್ತನಾಳವೋ? ರಕ್ತವಿಲ್ಲದೆ ಸ್ನಾಯು ಸುಮಾರು ಆರು ಗಂಟೆಗಿಂತ ಹೆಚ್ಚು ಬಾಳದು; ಆದುದರಿಂದ ನಾಳ ಮೊದಲು ಎಂಬುದು ಒಂದು ವಾದ. ನಾಳವನ್ನು ಹೊಲಿದ ಮೇಲೆ ಮೂಳೆಯನ್ನು ಎಳೆದು ಜೋಡಿಸಿದರೆ ಹೊಲಿಗೆ ಕಿತ್ತುಬರುತ್ತದೆ. ಆದುದರಿಂದ ಮೂಳೆ ಮೊದಲು ಎಂಬುದು ಇನ್ನೊಂದು. ಇಬ್ಬರೂ ಸರಿ. ಕಡೆಗೆ ಒದಗಿದ ಪರಿಹಾರ ಬಹು ಸರಳವಾದದ್ದು. ಹರಿದ ನಾಳದ ಎರಡು ತುದಿಗಳ ನಡುವೆ ತಾತ್ಕಾಲಿಕವಾಗಿ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಸಿಕ್ಕಿಸಿ ರಕ್ತ ಹರಿಯಲು ಬಿಡುವುದು. ಅಷ್ಟರಲ್ಲಿ ಮೂಳೆಯನ್ನು ನಿಲ್ಲಿಸುವುದು. ನಂತರ ರೋಗಿಯ ದೇಹದ್ದೇ ಆದ ಅಭಿಧಮನಿಯ ತುಂಡಿನಿಂದ ನಾಳವನ್ನು ನಿಧಾನವಾಗಿ ಸರಿಪಡಿಸುವುದು. ಈ ಸರದಿ ಯಾರೊಬ್ಬರ ಪಠ್ಯಪುಸ್ತಕದಿಂದ ಬಂದದ್ದಲ್ಲ. ಒಂದೇ ಮೇಜಿನ ಬಳಿ ಇಬ್ಬರು ನಿಂತಾಗ ಹೊಳೆಯುವಂಥದ್ದು.

ಸೂಕ್ಷ್ಮದರ್ಶಕದ ಅಡಿಯಲ್ಲಿ ಒಂದೆರಡು ಮಿಲಿಮೀಟರ್ ಅಗಲದ ನಾಳಗಳನ್ನು ಹೊಲಿಯಬಹುದೆಂದು 1960ರಲ್ಲಿ ಅಮೆರಿಕದ ಜಾಕಬ್‌ಸನ್ ಮತ್ತು ಸ್ವಾರೆಜ್ ತೋರಿಸಿಕೊಟ್ಟ ಮೇಲೆ ಚರ್ಮದ ಸಮಸ್ಯೆಯ ಸ್ವರೂಪವೇ ಬದಲಾಯಿತು. ಮುಂಬಯಿಯ ಎನ್.ಎಚ್. ಅಂಟಿಯಾ ಮತ್ತು ಬುಚ್ ಹೊಟ್ಟೆಯ ಭಾಗದ ಒಳಚರ್ಮ ಮತ್ತು ಕೊಬ್ಬಿನ ತುಂಡನ್ನು ರಕ್ತನಾಳಗಳ ನೇರ ಜೋಡಣೆಯಿಂದ ಬೇರೆಡೆಗೆ ಸ್ಥಳಾಂತರಿಸಿದ ವರದಿಯನ್ನು 1971ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಕ್ಷೇತ್ರದ ಆರಂಭದ ದಾಖಲೆಗಳಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದೇ ಹೇಳಬೇಕು. 1973ರಲ್ಲಿ ಮೆಲ್ಬರ್ನಿನ ಡೇನಿಯಲ್ ಮತ್ತು ಟೇಲರ್ ತೊಡೆಸಂದಿಯ ಚರ್ಮವನ್ನು ನಾಳಸಹಿತವಾಗಿ ಬಿಡಿಸಿ ಗಾಯಗೊಂಡ ಪಾದದ ಕೀಲಿನ ಬಳಿ ಹೊಲಿದುದನ್ನು ವರದಿ ಮಾಡಿದರು. ಎರಡು ವರ್ಷಗಳಲ್ಲಿ ಟೇಲರ್ ಫಿಬ್ಯುಲ ಮೂಳೆಯನ್ನೇ ಅದರ ನಾಳಗಳೊಂದಿಗೆ ಎತ್ತಿ ಇನ್ನೊಂದು ಕಾಲಿನ ಟಿಬಿಯದಲ್ಲಿ ಉಂಟಾಗಿದ್ದ ಅಂತರವನ್ನು ತುಂಬಿದ್ದರು. ಈಗ ಎರಡು ಕಾಲುಗಳನ್ನು ಕಟ್ಟಿಹಾಕಬೇಕಾದ ಅಗತ್ಯವಿರಲಿಲ್ಲ. ಬೆನ್ನಿನಿಂದ ಅಥವಾ ತೊಡೆಯಿಂದ ಬೇಕಾದಷ್ಟು ಅಂಗಾಂಶವನ್ನು ಒಂದೇ ದಿನದಲ್ಲಿ ತರಬಹುದಾಗಿತ್ತು.

ಇದರಿಂದ ಒಂದು ಬಗೆಯ ಭೌಗೋಳಿಕ ವಿಭಜನೆಯೂ ರೂಢಿಗೆ ಬಂದಿತು. ಟಿಬಿಯದ ಮೇಲಿನ ಮೂರನೆಯ ಒಂದು ಭಾಗದ ಗಾಯಕ್ಕೆ ಮೀನಖಂಡದ ಹೊರಸ್ನಾಯು, ನಡುವಿನ ಭಾಗಕ್ಕೆ ಅದರ ಅಡಿಯ ಸೋಲಿಯಸ್ ಸ್ನಾಯು ತಿರುಗಿಸಿದರೆ ಸಾಕು. ಕೆಳಗಿನ ಮೂರನೆಯ ಒಂದು ಭಾಗದಲ್ಲಿ ತಿರುಗಿಸಲು ಹೆಚ್ಚು ಮಾಂಸವೇ ಇಲ್ಲ. ಅಲ್ಲಿಗೆ ಸಾಮಾನ್ಯವಾಗಿ ದೂರದಿಂದ ತಂದ ಫ್ಲ್ಯಾಪ್ ಬೇಕಾಗುತ್ತದೆ.

1976ರಲ್ಲಿ ಅಮೆರಿಕದ ಗುಸ್ಟಿಲೊ ಮತ್ತು ಆಂಡರ್ಸನ್ 1,025 ತೆರೆದ ಮುರಿತಗಳ ಅಧ್ಯಯನದಿಂದ ಮೂರು ದರ್ಜೆಗಳ ವರ್ಗೀಕರಣವನ್ನು ರೂಪಿಸಿದರು. 1984ರಲ್ಲಿ ಮೂರನೆಯ ದರ್ಜೆಯನ್ನು ಎ, ಬಿ, ಸಿ ಎಂದು ಮತ್ತೆ ಒಡೆಯಲಾಯಿತು. ಮೂಳೆಯನ್ನು ಮುಚ್ಚಲು ಅಂಗಾಂಶ ಉಳಿದಿದ್ದರೆ ಎ, ಉಳಿಯದೆ ಫ್ಲ್ಯಾಪ್ ಬೇಕಾದರೆ ಬಿ, ಅಪಧಮನಿಯೂ ಹರಿದು ದುರಸ್ತಿ ಬೇಕಾದರೆ ಸಿ. ಇದನ್ನು ಗಾಯದ ತೀವ್ರತೆಯ ಅಳತೆಯೆಂದು ಕಲಿಸುತ್ತಾರೆ. ವಾಸ್ತವದಲ್ಲಿ ಅದು ಯಾರನ್ನು ಕರೆಸಬೇಕೆಂಬುದರ ಸೂಚನೆಯೂ ಹೌದು. ಬಿ ಎಂದರೆ ಪ್ಲಾಸ್ಟಿಕ್ ಶಸ್ತ್ರವೈದ್ಯ, ಸಿ ಎಂದರೆ ರಕ್ತನಾಳದ ಶಸ್ತ್ರವೈದ್ಯ.

ಕರೆಸುವುದೇನೋ ಸರಿ, ಆದರೆ ಯಾವಾಗ? ಈ ಪ್ರಶ್ನೆಗೆ ಅಂಕಿ ಅಂಶಗಳಿಂದ ಉತ್ತರಿಸಿದವನು ಸ್ಲೊವೇನಿಯದ ಲ್ಯುಬ್ಲಿಯಾನ ನಗರದ ಮಾರ್ಕೊ ಗೊದಿನ. ಅಂದಿನ ಯುಗೊಸ್ಲಾವಿಯದ ಈ ಪ್ಲಾಸ್ಟಿಕ್ ಶಸ್ತ್ರವೈದ್ಯ ತಾನು ಸೂಕ್ಷ್ಮಶಸ್ತ್ರಕ್ರಿಯೆ ನಡೆಸಿದ 532 ರೋಗಿಗಳನ್ನು ಮೂರು ಗುಂಪುಗಳಾಗಿ ಮಾಡಿ ನೋಡಿದನು: ಗಾಯವಾದ 72 ಗಂಟೆಗಳೊಳಗೆ ಫ್ಲ್ಯಾಪ್ ಪಡೆದವರು, 72 ಗಂಟೆಯಿಂದ ಮೂರು ತಿಂಗಳೊಳಗೆ ಪಡೆದವರು, ಆನಂತರ ಪಡೆದವರು. ಮೊದಲ ಗುಂಪಿನಲ್ಲಿ ಫ್ಲ್ಯಾಪ್ ಸತ್ತುಹೋದದ್ದು ನೂರಕ್ಕೆ 0.75, ಎರಡನೆಯದರಲ್ಲಿ 12, ಮೂರನೆಯದರಲ್ಲಿ 9.5. ಸೋಂಕು ಕ್ರಮವಾಗಿ ನೂರಕ್ಕೆ 1.5, 17.5 ಮತ್ತು 6. ಈ ಸಂಖ್ಯೆಗಳಲ್ಲಿ ಅತ್ಯಂತ ಕೆಟ್ಟದ್ದು ನಡುವಿನ ಗುಂಪು. ಅಂದರೆ ಎರಡು ವಿಭಾಗಗಳ ನಡುವೆ ಚೀಟಿ ಓಡಾಡುತ್ತಿದ್ದ ಅದೇ ಅವಧಿ. ಈ ಪ್ರಬಂಧ 1986ರಲ್ಲಿ ಅಚ್ಚಾಗುವ ವೇಳೆಗೆ ಗೊದಿನ ಜೀವಂತನಾಗಿರಲಿಲ್ಲ. ರಸ್ತೆಗಳಲ್ಲಿ ಜಜ್ಜಿಹೋದ ಕೈಕಾಲುಗಳನ್ನು ಉಳಿಸುವುದಕ್ಕಾಗಿ ದುಡಿದ ಅವನು ಅದೇ ವರ್ಷ, ಇನ್ನೂ ನಲವತ್ತರ ಆಸುಪಾಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡಿದ್ದನು.

ಗೊದಿನನ ಗುಂಪುಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ತಡವಾಗಿ ಬಂದವರು ಬೇರೆಡೆ ಕೆಟ್ಟು ಬಂದವರಾಗಿರಬಹುದು. ಅವನ ಕೈ ಪಳಗುವುದಕ್ಕೆ ಮೊದಲಿನವರೂ ಆಗಿರಬಹುದು. 72 ಗಂಟೆ ಎಂಬ ಗಡಿಯನ್ನು ಮಂತ್ರವೆಂದು ಭಾವಿಸಬೇಕಾಗಿಲ್ಲ. ಆದರೆ ಅವನ ವಾದದ ಹೃದಯ ಬೇರೆಡೆ ಇತ್ತು: ಬೇಗನೆ ಮುಚ್ಚಬೇಕಾದರೆ ಮೊದಲ ದಿನವೇ ಸತ್ತ ಅಂಗಾಂಶವನ್ನೆಲ್ಲ ಪೂರ್ಣವಾಗಿ ತೆಗೆಯಬೇಕು. ಅದನ್ನು ಧೈರ್ಯದಿಂದ ತೆಗೆಯಬಲ್ಲವನು, ಉಂಟಾಗುವ ದೊಡ್ಡ ಹಳ್ಳವನ್ನು ತುಂಬಲು ಜೊತೆಗಾರನೊಬ್ಬ ಪಕ್ಕದಲ್ಲಿದ್ದಾನೆಂದು ತಿಳಿದವನು ಮಾತ್ರ. ಒಬ್ಬಂಟಿ ಶಸ್ತ್ರವೈದ್ಯ ಗಾಯವನ್ನು ಮುಚ್ಚಲಾಗದೆಂಬ ಭಯದಿಂದ ಅನುಮಾನದ ಮಾಂಸವನ್ನು ಉಳಿಸಿಕೊಳ್ಳುತ್ತಾನೆ. ಕೀವು ಹುಟ್ಟುವುದು ಅಲ್ಲಿಯೇ.

ಸೋವಿಯತ್ ಒಕ್ಕೂಟದ ಕುರ್ಗಾನ್ ನಗರದಲ್ಲಿ ಗಾವ್ರಿಲ್ ಇಲಿಜಾರೊವ್ ಬಳೆಗಳು ಮತ್ತು ತಂತಿಗಳ ಹೊರಚೌಕಟ್ಟಿನಿಂದ, ಮೂಳೆಯನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಎಳೆದು ಬೆಳೆಸುವ ಬೇರೆಯೇ ದಾರಿಯನ್ನು ಕಂಡುಕೊಂಡಿದ್ದನು. ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಜಜ್ಜಿಹೋಗಿದ್ದ ಎತ್ತರ ಜಿಗಿತದ ಒಲಿಂಪಿಕ್ ವೀರ ವಲೇರಿ ಬ್ರುಮೆಲ್ ಅವನಿಂದ ಚಿಕಿತ್ಸೆ ಪಡೆದುದರಿಂದ ಅವನ ಹೆಸರು ರಷ್ಯದಲ್ಲಿ ಮನೆಮಾತಾಯಿತು. ಪಶ್ಚಿಮ ಯೂರೋಪಿಗೆ ಈ ವಿದ್ಯೆ ತಲುಪಿದ್ದು 1981ರಲ್ಲಿ, ಇಟಲಿಯ ಮೂಲಕ. ಸೂಕ್ಷ್ಮಶಸ್ತ್ರಕ್ರಿಯೆಗೆ ಇದು ಬದಲಿಯೆಂದು ಕೆಲವರು ಭಾವಿಸಿದರು. ಕಾಲಕ್ರಮದಲ್ಲಿ ಎರಡೂ ಪೂರಕವಾದವು: ಚರ್ಮ ಮಾಂಸಗಳಿಗೆ ಫ್ಲ್ಯಾಪ್, ಕಳೆದುಹೋದ ಮೂಳೆಗೆ ಇಲಿಜಾರೊವ್ ಬಳೆ.

ಈ ಕೂಡುಕೆಲಸಕ್ಕೆ ಒಂದು ಹೆಸರು ಬಂದದ್ದು 1990ರ ದಶಕದಲ್ಲಿ. ಎರಡೂ ಶಾಖೆಗಳಲ್ಲಿ ತರಬೇತಿ ಪಡೆದಿದ್ದ ಅಮೆರಿಕದ ಸ್ಕಾಟ್ ಲೆವಿನ್ 1993ರ ಲೇಖನವೊಂದರಲ್ಲಿ 'ಆರ್ಥೊಪ್ಲಾಸ್ಟಿಕ್' ಎಂಬ ಪದವನ್ನು ಬಳಸಿದರು. 2000ದಲ್ಲಿ ಇಂಗ್ಲೆಂಡಿನ ಲೀಡ್ಸ್ ವೈದ್ಯರು ಮೂಳೆಯನ್ನು ನಿಲ್ಲಿಸಿ ಕೂಡಲೇ ಫ್ಲ್ಯಾಪ್ ಹೊದಿಸಿದ 84 ತೆರೆದ ಮುರಿತಗಳ ಫಲಿತಾಂಶವನ್ನು ಪ್ರಕಟಿಸಿದರು. 2009ರಲ್ಲಿ ಬ್ರಿಟನ್ನಿನ ಮೂಳೆ ಮತ್ತು ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘಗಳು ಕೂಡಿ ಹೊರತಂದ ಮಾನದಂಡಗಳು ಇಂತಹ ಗಾಯಾಳುವನ್ನು ಎರಡೂ ಶಾಖೆಗಳಿರುವ ಕೇಂದ್ರಕ್ಕೆ ನೇರವಾಗಿ ಒಯ್ಯಬೇಕೆಂದೂ ಏಳು ದಿನಗಳೊಳಗೆ ಗಾಯವನ್ನು ಮುಚ್ಚಬೇಕೆಂದೂ ವಿಧಿಸಿದವು. ಮುಂದೆ ಈ ಅವಧಿಯನ್ನು 72 ಗಂಟೆಗಳಿಗೆ ಇಳಿಸಲಾಯಿತು.

ಸಹಕಾರವೆಂಬುದು ಸದ್ಭಾವನೆಯ ಮಾತಲ್ಲ, ಮಿಲಿಮೀಟರುಗಳ ಮಾತು ಎಂಬುದಕ್ಕೆ ಆ ಮಾನದಂಡಗಳಲ್ಲಿಯೇ ನಿದರ್ಶನವಿದೆ. ಊದಿಕೊಂಡ ಕಾಲಿನ ಸ್ನಾಯುಗಳ ಒತ್ತಡವನ್ನು ಇಳಿಸಲು ಉದ್ದನೆಯ ಸೀಳು ಹಾಕಬೇಕಾಗುತ್ತದೆ. ಒಳಬದಿಯ ಸೀಳು ಟಿಬಿಯದ ಅಂಚಿನಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಹಿಂದೆ ಇರಬೇಕೆಂದು ಅಲ್ಲಿ ಹೇಳಿದೆ. ಇನ್ನೂ ಹಿಂದಕ್ಕೆ ಸರಿದರೆ ಚರ್ಮಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ತುಂಡಾಗಿ, ಮಾರನೆಯ ದಿನ ಬರುವ ಪ್ಲಾಸ್ಟಿಕ್ ಶಸ್ತ್ರವೈದ್ಯನಿಗೆ ಬಳಸಲು ಸ್ಥಳೀಯ ಚರ್ಮವೇ ಉಳಿಯುವುದಿಲ್ಲ. ಹೊರಚೌಕಟ್ಟಿನ ಮೊಳೆಗಳೂ ಹಾಗೆಯೇ. ಮೂಳೆಗೆ ಅತ್ಯುತ್ತಮವಾದ ಜಾಗದಲ್ಲಿ ಬಡಿದ ಮೊಳೆ ಫ್ಲ್ಯಾಪಿನ ದಾರಿಗೆ ಅಡ್ಡವಾಗಬಹುದು. ಫ್ಲ್ಯಾಪಿನ ದಿನ ಒಂದು ತಂಡ ಕಾಲಿನಲ್ಲಿ ನಾಳಗಳನ್ನು ಸಜ್ಜುಗೊಳಿಸುತ್ತಿದ್ದರೆ ಇನ್ನೊಂದು ತಂಡ ಬೆನ್ನು ಅಥವಾ ತೊಡೆಯಿಂದ ಅಂಗಾಂಶವನ್ನು ಬಿಡಿಸುತ್ತಿರುತ್ತದೆ. ಅರಿವಳಿಕೆ ತಜ್ಞ ಗಂಟೆಗಟ್ಟಲೆ ರೋಗಿಯ ಮೈಯನ್ನು ಬೆಚ್ಚಗಿಟ್ಟು ರಕ್ತದೊತ್ತಡ ಕುಸಿಯದಂತೆ ಕಾಯದಿದ್ದರೆ ಹೊಲಿದ ನಾಳ ಮುದುಡುತ್ತದೆ. ರಾತ್ರಿಯಿಡೀ ಫ್ಲ್ಯಾಪಿನ ಬಣ್ಣವನ್ನು ನೋಡುವ ದಾದಿ, ಅದು ನೀಲಿಗಟ್ಟುವುದನ್ನು ಕಂಡು ಕೂಡಲೇ ಕರೆ ಕಳುಹಿಸಿದರೆ ಹೆಪ್ಪುಗಟ್ಟಿದ ಅಭಿಧಮನಿಯನ್ನು ಮತ್ತೆ ತೆರೆಯಬಹುದು. ಬೆಳಗಿನ ಸುತ್ತಿನವರೆಗೆ ಕಾದರೆ ಇಲ್ಲ. ಶಸ್ತ್ರವೈದ್ಯರ ಹೆಸರುಗಳಿಂದ ತುಂಬಿರುವ ಈ ಇತಿಹಾಸದಲ್ಲಿ ಈಕೆಯ ಹೆಸರು ಎಲ್ಲಿಯೂ ಸಿಗುವುದಿಲ್ಲ.

ಹೀಗೆ ಉಳಿಸಬಹುದಾದ ಕಾಲುಗಳ ಸಂಖ್ಯೆ ಹೆಚ್ಚಿದಂತೆ, ಉಳಿಸಲೇಬೇಕೇ ಎಂಬ ಪ್ರಶ್ನೆಯೂ ಎದ್ದಿತು. 1990ರಲ್ಲಿ ಸಿಯಾಟಲ್‌ನ ವೈದ್ಯರು ಮೂಳೆ ಮಾಂಸಗಳ ಹಾನಿ, ರಕ್ತಸಂಚಾರ, ಆಘಾತ, ವಯಸ್ಸು ಎಂಬ ನಾಲ್ಕು ಅಂಶಗಳಿಗೆ ಅಂಕ ಕೊಟ್ಟು, 7 ಅಥವಾ ಹೆಚ್ಚು ಬಂದರೆ ಅಂಗಚ್ಛೇದನದ ಸಂಭವ ಹೆಚ್ಚೆಂದು ಸೂಚಿಸಿದರು. ಆದರೆ ಅಮೆರಿಕದ ಎಂಟು ಕೇಂದ್ರಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಇಂತಹ ಅಂಕಗಳನ್ನು ನಂಬಿ ನಿರ್ಧರಿಸಲಾಗದೆಂದು ಕಂಡುಕೊಂಡಿತು. ಅದೇ ಅಧ್ಯಯನದ 569 ರೋಗಿಗಳ ಎರಡು ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾದಾಗ ಅನೇಕರಿಗೆ ಆಶ್ಚರ್ಯ ಕಾದಿತ್ತು: ಕಾಲನ್ನು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಬದುಕಿನ ಮಟ್ಟದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಕೆಲಸಕ್ಕೆ ಮರಳಿದವರು ಎರಡೂ ಕಡೆ ಸುಮಾರು ಅರ್ಧದಷ್ಟೇ. ಕಾಲನ್ನು ಉಳಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆ ಸೇರಬೇಕಾಗಿ ಬಂದದ್ದು ಹೆಚ್ಚು. ಜೀವಮಾನದ ಖರ್ಚು ಮಾತ್ರ ಕೃತಕ ಕಾಲಿನವರಿಗೆ ಮೂರು ಪಟ್ಟಿನಷ್ಟು ಎಂದು 2007ರ ಲೆಕ್ಕಾಚಾರ ಹೇಳಿತು. ಆದರೆ ಅದು ಅಮೆರಿಕದ ಕೃತಕ ಕಾಲಿನ ಬೆಲೆ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ.ಕೆ. ಸೇಠಿ ರೂಪಿಸಿದ, ಬರಿಗಾಲಲ್ಲಿ ನಡೆಯಬಹುದಾದ ಅಗ್ಗದ ಜೈಪುರ ಕಾಲು ದೊರೆಯುವ ನಾಡಿಗೆ ಆ ಲೆಕ್ಕ ಹಾಗೆಯೇ ಅನ್ವಯಿಸದು.

ಭಾರತದ ರೋಗಿ ಬೇರೆ, ಅವನ ರಸ್ತೆ ಬೇರೆ, ಆಸ್ಪತ್ರೆಗೆ ತಲುಪುವ ಹೊತ್ತು ಬೇರೆ. ಈ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡ ಗಮನಾರ್ಹ ಪ್ರಯತ್ನ ನಡೆದದ್ದು ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ. 1978ರಲ್ಲಿ ಇದನ್ನು ಸ್ಥಾಪಿಸಿದ ಡಾ. ಜೆ.ಜಿ. ಷಣ್ಮುಗನಾಥನ್ ಅರಿವಳಿಕೆ ತಜ್ಞರು. ಅವರ ಇಬ್ಬರು ಮಕ್ಕಳಲ್ಲಿ ಎಸ್. ರಾಜಶೇಖರನ್ ಮೂಳೆ ಶಸ್ತ್ರವೈದ್ಯರಾದರು, ಎಸ್. ರಾಜಾ ಸಭಾಪತಿ ಪ್ಲಾಸ್ಟಿಕ್ ಶಸ್ತ್ರವೈದ್ಯರಾದರು. ಬೇರೆಡೆ ಸಂಘಗಳು ಸಭೆ ಸೇರಿ ವಿಧಿಸಬೇಕಾದ ಕ್ರಮ ಇಲ್ಲಿ ಒಂದು ಮನೆಯೊಳಗೇ ಬೆಳೆಯಿತು. ಗಾಯಾಳುವಿನ ಮೊದಲ ಗಾಯಶುದ್ಧಿಯನ್ನು ಎರಡೂ ಶಾಖೆಗಳ ಹಿರಿಯರು ಕೂಡಿ ಮಾಡುವುದು, ಮೂಳೆ ನಿಲ್ಲಿಸುವ ಬಗೆಯನ್ನೂ ಹೊದಿಕೆಯ ಬಗೆಯನ್ನೂ ಆಗಲೇ ನಿರ್ಧರಿಸುವುದು ಅಲ್ಲಿನ ಪದ್ಧತಿ.

ಈ ಅನುಭವದಿಂದ ಹುಟ್ಟಿದ ಅಂಕಪದ್ಧತಿಯನ್ನು ಅವರು 109 ರೋಗಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಗುಸ್ಟಿಲೊನ ಬಿ ದರ್ಜೆಯೊಳಗೆ ಸುಲಭವಾದ ಗಾಯವೂ ಅಸಾಧ್ಯವಾದ ಗಾಯವೂ ಒಟ್ಟಿಗೆ ಸೇರಿಹೋಗುತ್ತಿದ್ದುದೇ ಅವರ ಅತೃಪ್ತಿಗೆ ಕಾರಣ. ಹೊದಿಕೆಯ ಅಂಗಾಂಶ, ಮೂಳೆ, ಚಲನೆಗೆ ಬೇಕಾದ ಸ್ನಾಯು ನರಗಳು: ಈ ಮೂರಕ್ಕೂ ಬೇರೆಬೇರೆಯಾಗಿ ಒಂದರಿಂದ ಐದರವರೆಗೆ ಅಂಕ, ಇವುಗಳ ಜೊತೆಗೆ ತಡವಾಗಿ ಬಂದವರು, ಕೊಟ್ಟಿಗೆ ಅಥವಾ ಚರಂಡಿಯ ಕೊಳೆ ಮೆತ್ತಿಕೊಂಡವರು, ಸಕ್ಕರೆ ಕಾಯಿಲೆಯವರು ಮುಂತಾದವರಿಗೆ ಎರಡೆರಡು ಅಂಕ ಹೆಚ್ಚು. ಮೂಳೆಗೂ ಚರ್ಮಕ್ಕೂ ಬೇರೆ ಅಂಕಗಳಿರುವುದರಿಂದ ಇಬ್ಬರು ತಜ್ಞರೂ ಒಂದೇ ಹಾಳೆಯ ಮೇಲೆ ಬರೆಯಬೇಕಾಗುತ್ತದೆ. ಹೊಲದ ಮಣ್ಣನ್ನೂ ದೂರದ ಹಳ್ಳಿಯ ಪಯಣವನ್ನೂ ಸಂಖ್ಯೆಯಾಗಿಸಿಕೊಂಡ ಈ ಪದ್ಧತಿ ಇಂದು ಹೊರದೇಶಗಳಲ್ಲಿಯೂ ಬಳಕೆಯಲ್ಲಿದೆ.

ಪಯಣದ ಖರ್ಚಿನ ಮಾತು ಬೇರೆಯೇ ಇದೆ. ಕರ್ನಾಟಕ ಸರ್ಕಾರ 2016ರಲ್ಲಿ ಜಾರಿಗೆ ತಂದ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗಾಗಿ 25,000 ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಿತು. ರಕ್ತಸ್ರಾವ ನಿಲ್ಲಿಸಿ ಗಾಯವನ್ನು ತೊಳೆಯಲು ಇದು ಒದಗಬಹುದು. ಗೊದಿನನ 72 ಗಂಟೆಯ ಫ್ಲ್ಯಾಪ್ ಅದರ ಆಚೆಗೆ ಬೀಳುತ್ತದೆ. 2025ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯನ್ನು ನಿಗದಿಪಡಿಸಿತು. ಆ ಏಳು ದಿನಗಳೊಳಗೆ ಗಾಯಾಳು ಮೂಳೆ ವೈದ್ಯನೊಬ್ಬನೇ ಇರುವ ಆಸ್ಪತ್ರೆಯಲ್ಲಿ ಇರುತ್ತಾನೋ, ಇಬ್ಬರೂ ಇರುವ ಕಡೆಗೆ ತಲುಪುತ್ತಾನೋ ಎಂಬುದು ಯೋಜನೆಯ ಹಾಳೆಯಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಜಿಲ್ಲಾ ಕೇಂದ್ರದಲ್ಲಿ ಎರಡು ಮೂರು ದಿನ ಪಟ್ಟಿ ಕಟ್ಟಿಸಿಕೊಂಡು, ಆಮೇಲೆ ಬಾಡಿಗೆ ವಾಹನದಲ್ಲಿ ದೊಡ್ಡ ಊರಿನ ಕಡೆ ಹೊರಡುವ ಕುಟುಂಬ ಆ ನಡುವಿನ ಗುಂಪನ್ನೇ ಸೇರುತ್ತದೆ.

ಗಂಗಾ ಆಸ್ಪತ್ರೆಯ ಅಂಕಪದ್ಧತಿಯಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲನ್ನು ಉಳಿಸಲು ಪ್ರಯತ್ನಿಸಬೇಕು. 17 ಅಥವಾ ಹೆಚ್ಚು ಬಂದರೆ ತೆಗೆಯುವುದೇ ಲೇಸು. ನಡುವೆ 15 ಮತ್ತು 16 ಎಂಬ ಎರಡು ಸಂಖ್ಯೆಗಳನ್ನು ಯಾವ ಕಡೆಗೂ ಸೇರಿಸದೆ ಬಿಡಲಾಗಿದೆ. ಅಂಕ ಅಲ್ಲಿಗೆ ಬಂದು ನಿಂತಾಗ, ರೋಗಿಯ ವಯಸ್ಸೇನು, ಅವನು ಮಾಡುವ ಕೆಲಸವೇನು, ಎಷ್ಟು ತಿಂಗಳು ಕಾಯಬಲ್ಲ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡು, ಮೇಜಿನ ಎರಡು ಬದಿಗಳಲ್ಲಿ ನಿಂತ ಇಬ್ಬರು ಶಸ್ತ್ರವೈದ್ಯರೂ ಹೊರಗೆ ಕಾಯುತ್ತಿರುವ ಮನೆಯವರೂ ಕೂಡಿ ತೀರ್ಮಾನಿಸಬೇಕಾಗುತ್ತದೆ.